ಕಂದಕದೊಳಗೆ ಯಾರ ಮಕ್ಕಳು?

ಕೆಲಸ ಕೊಡಿಸ್ತೀವಿ ಅಂತ ಕರ್ಕೊಂಡು ಹೋದವರು ಕೊನೆಗೆ ಕೈಗೆ ಕೊಟ್ಟಿದ್ದು ಸಲಿಕೆ. 2023ರ ಕೊನೆಯಲ್ಲಿ ಕಲಬುರಗಿಯಿಂದ ರಷ್ಯಾಕ್ಕೆ ಹೋದ ಯುವಕರ ಕಥೆ ಇದು. ಸೆಕ್ಯುರಿಟಿ ಕೆಲಸ, ಸಹಾಯಕನ ಕೆಲಸ ಎಂಬ ಏಜೆಂಟರ ಮಾತು ನಂಬಿ ವಿಮಾನ ಹತ್ತಿದವರು ಉಕ್ರೇನ್ ಗಡಿಯ ಯುದ್ಧಭೂಮಿಗೆ ಹೋಗಿ ಬಿದ್ದರು. ಓದಲು ಬಾರದ ರಷ್ಯನ್ ಭಾಷೆಯ ಕರಾರಿಗೆ ಸಹಿ ಹಾಕಿದರು. ಆಮೇಲೆ ಕಂದಕ ಅಗೆಯುವ ಕೆಲಸಕ್ಕೆ ಹಚ್ಚಲಾಯಿತು. 2024ರ ಫೆಬ್ರವರಿ 21ರಂದು ಅವರ ಜೊತೆಗಿದ್ದ ಸೂರತ್‌ನ 23 ವರ್ಷದ ಯುವಕ ಡ್ರೋನ್ ದಾಳಿಯಲ್ಲಿ ಸತ್ತ. ಆ ಜುಲೈನಲ್ಲಿ ಪ್ರಧಾನಿ ಮಾಸ್ಕೋದಲ್ಲಿ ಈ ವಿಷಯ ಎತ್ತಿದ ಮೇಲೆ, ಸೆಪ್ಟೆಂಬರ್ ಹೊತ್ತಿಗೆ ಕಲಬುರಗಿಯವರು ಜೀವಂತ ಮನೆ ಸೇರಿದರು.

ಪರದೇಶದ ಕಂದಕಕ್ಕೆ ನಮ್ಮವರು ಇಳಿದಿದ್ದು ಇದೇ ಮೊದಲಲ್ಲ. 1914ರಲ್ಲಿ ಬ್ರಿಟಿಷರು ಭಾರತದ ಸಿಪಾಯಿಗಳನ್ನು ಫ್ರಾನ್ಸ್‌ಗೆ ಸಾಗಿಸಿದರು. ಸಂಬಳ ತಿಂಗಳಿಗೆ 11 ರೂಪಾಯಿ. ಹೋದವರಲ್ಲಿ ಬಹುಪಾಲು ರೈತರ ಮಕ್ಕಳು. ತೆಳುವಾದ ಹತ್ತಿ ಬಟ್ಟೆಯಲ್ಲೇ ಅವರು ಯುರೋಪಿನ ಚಳಿಗೆ ಸಿಕ್ಕರು. ಮೊಣಕಾಲುದ್ದ ಕೆಸರು ನೀರು, ಹೇನು, ಇಲಿ, ತೇವದಲ್ಲಿ ಕೊಳೆಯುವ ಪಾದ. ಹಗಲಿಡೀ ತಲೆ ಎತ್ತದೆ ಕೂರಬೇಕು, ಕತ್ತಲಾದ ಮೇಲೆ ಮಣ್ಣು ತೋಡಬೇಕು, ಸಾಮಾನು ಹೊರಬೇಕು. ಊರಿಗೆ ಬರೆದ ಪತ್ರವನ್ನೂ ಅಧಿಕಾರಿಗಳು ಒಡೆದು ಓದುತ್ತಿದ್ದರು. ಹಾಗಾಗಿ ಕೆಲವರು ಭಾರತೀಯ ಸೈನಿಕರನ್ನು ಕರಿಮೆಣಸು, ಬಿಳಿಯರನ್ನು ಕೆಂಪು ಮೆಣಸು ಅಂತ ಗುಟ್ಟಾಗಿ ಬರೆದರು. ಫ್ರಾನ್ಸ್‌ನ ನವ್ ಶಪೆಲ್ ಸ್ಮಾರಕದಲ್ಲಿ ಸಮಾಧಿಯೂ ಸಿಗದ 4,700ಕ್ಕೂ ಹೆಚ್ಚು ಭಾರತೀಯರ ಹೆಸರುಗಳಿವೆ.

ನೂರು ವರ್ಷದಲ್ಲಿ ಕಂದಕ ಇನ್ನಷ್ಟು ಕ್ರೂರವಾಗಿದೆ. ಆಗ ಕತ್ತಲಾದರೆ ತುಸು ರಕ್ಷಣೆ ಇತ್ತು. ಈಗ ಡ್ರೋನಿನ ಕ್ಯಾಮೆರಾ ಮೈಶಾಖವನ್ನೇ ಹಿಡಿದು ರಾತ್ರಿಯೂ ಹುಡುಕುತ್ತದೆ.

ಕಲಬುರಗಿ ದೂರದ ಮಾತು ಅನ್ನಬೇಡಿ. ವಿಜಯನಗರ ಜಿಲ್ಲೆಯಲ್ಲಿ ಹೊಸಪೇಟೆ ಬಿಟ್ಟರೆ ಉಳಿಯೋದು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. ಕಲಬುರಗಿಯಂತೆ ಇವೂ 371(ಜೆ) ವ್ಯಾಪ್ತಿಯ ತಾಲ್ಲೂಕುಗಳು. ಮಳೆ ಕೈಕೊಟ್ಟರೆ ಇಲ್ಲಿನ ಹಳ್ಳಿ, ತಾಂಡಾಗಳಿಂದ ಕಬ್ಬು ಕಡಿಯಲು, ಕಾಫಿ ತೋಟಕ್ಕೆ, ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಹೋಗೋದು ಹೊಸದಲ್ಲ. ಆದರೆ ಅಲ್ಲಿಗೆ ಕರೆದೊಯ್ಯುವ ಮೇಸ್ತ್ರಿ ಗುರುತಿನವನು, ಮೋಸ ಆದರೆ ಮನೆಗೇ ಹೋಗಿ ಕೇಳಬಹುದು. ಯೂಟ್ಯೂಬ್‌ನಲ್ಲಿ ಸಿಗುವ ಏಜೆಂಟನ ಮನೆ ಎಲ್ಲಿದೆ?

ಹೋಗಬೇಡಿ ಅಂತ ಹೇಳೋದು ಸುಲಭ. ಊರಲ್ಲೇ ದುಡಿಮೆ ಇಲ್ಲದಾಗ ಯಾರು ಕೇಳ್ತಾರೆ? ಕನಿಷ್ಠ ಇಷ್ಟಾದರೂ ಆಗಲಿ. ಗ್ರಾಮ ಪಂಚಾಯಿತಿಗಳು ಹೊರದೇಶಕ್ಕೆ ದುಡಿಯಲು ಹೋಗುವವರ ವಿವರ ಬರೆದಿಟ್ಟುಕೊಳ್ಳಲಿ. ಏಜೆಂಟ್ ನೋಂದಾಯಿತನೇ ಅಂತ ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ನೋಡಿ ಹೇಳುವ ಒಬ್ಬ ಸಿಬ್ಬಂದಿ ಪ್ರತಿ ತಾಲ್ಲೂಕಿನಲ್ಲೂ ಇರಲಿ. ಪ್ರವಾಸಿ ವೀಸಾದಲ್ಲಿ ಕೆಲಸ ಅಂದರೆ ಅಲ್ಲೇ ನಿಲ್ಲಿ, ಓದಲು ಬಾರದ ಕಾಗದಕ್ಕೆ ಸಹಿ ಹಾಕಬೇಡಿ ಅನ್ನೋದನ್ನು ಸಂತೆಯಲ್ಲಿ, ಜಾತ್ರೆಯಲ್ಲಿ ಸಾರಲಿ. ರಷ್ಯಾದಿಂದ ಮಕ್ಕಳನ್ನು ವಾಪಸ್ ತರಲು ತಿಂಗಳುಗಟ್ಟಲೆ ಹಿಡಿಯಿತು. ಕಳಿಸುವ ಮೊದಲು ವಿಚಾರಿಸಲು ಒಂದು ದಿನ ಸಾಕು.