ಕನಕಪುರ ರಸ್ತೆಯ ಆ ತುದಿಗೆ ಹೋಗಿಬನ್ನಿ

ಜಯನಗರದ ಮನೆಯ ನಲ್ಲಿಗೆ ಬರುವ ಕಾವೇರಿ ನೀರು ಹೊರಡುವುದು ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ. ಹಾರೋಹಳ್ಳಿ, ತಾತಗುಣಿಯ ಪಂಪ್‌ಹೌಸ್‌ಗಳು ಅದನ್ನು ಹಂತಹಂತವಾಗಿ ಮೇಲಕ್ಕೆತ್ತುತ್ತವೆ. ಸುಮಾರು 100 ಕಿ.ಮೀ. ದೂರ, ಸುಮಾರು 500 ಮೀಟರ್ ಎತ್ತರ ಕ್ರಮಿಸಿದ ಮೇಲೆ ನೀರು ಊರು ಮುಟ್ಟುತ್ತದೆ. ಈ ಯೋಜನೆಯ ಮೊದಲ ಹಂತ 1974ರದು. ದಿನಕ್ಕೆ 775 ದಶಲಕ್ಷ ಲೀಟರ್ ತರುವ ಐದನೆಯ ಹಂತ 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾಯಿತು.

ಈ ನೀರನ್ನೇ ಕುಡಿದು ಬೆಳೆದ ದಕ್ಷಿಣ ಬೆಂಗಳೂರಿನವರಲ್ಲಿ ಅದು ಬರುವ ದಾರಿಯನ್ನು ನೋಡಿದವರು ಎಷ್ಟು ಮಂದಿ?

ಭಾನುವಾರ ಬಂತೆಂದರೆ ನಂದಿಬೆಟ್ಟ, ಬನ್ನೇರುಘಟ್ಟ, ಇಲ್ಲವೇ ಮೈಸೂರು ಹೆದ್ದಾರಿ. ಮೂರು ದಿನ ಸಾಲಾಗಿ ರಜೆ ಸಿಕ್ಕರೆ ಮಡಿಕೇರಿ, ಚಿಕ್ಕಮಗಳೂರು. ಅರ್ಧ ರಜೆ ಟ್ರಾಫಿಕ್‌ನಲ್ಲೇ ಕಳೆಯುತ್ತದೆ. ಬನಶಂಕರಿಯಿಂದ ನೇರ ದಕ್ಷಿಣಕ್ಕೆ ಹೋಗುವ ಕನಕಪುರ ರಸ್ತೆಯಲ್ಲಿ ಹೊರಟರೆ ಬೆಳಿಗ್ಗೆ ಹೋಗಿ ರಾತ್ರಿಯೊಳಗೆ ಮನೆ ಸೇರಬಹುದು. ಈ ಊರು ಯಾರ ಋಣದಲ್ಲಿ ಬದುಕುತ್ತಿದೆ ಎಂಬುದನ್ನು ಇಷ್ಟು ಚೆನ್ನಾಗಿ ತಿಳಿಸುವ ದಾರಿ ಇನ್ನೊಂದಿಲ್ಲ.

ಒಂದು ಭಾನುವಾರ ಶಿವನಸಮುದ್ರಕ್ಕೆ ಹೋಗಬಹುದು. ಗಗನಚುಕ್ಕಿ, ಭರಚುಕ್ಕಿಗಳನ್ನು ಜಲಪಾತಗಳೆಂದು ಎಲ್ಲರೂ ಬಲ್ಲರು. ಆದರೆ ಇಲ್ಲಿನ ವಿದ್ಯುತ್ ಕೇಂದ್ರದ ಕತೆ ಮಕ್ಕಳಿಗೆ ಹೇಳಲೇಬೇಕಾದದ್ದು. 1902ರಲ್ಲಿ ಇಲ್ಲಿ ತಯಾರಾದ ವಿದ್ಯುತ್ ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗಳಿಗೆ. 1905ರಲ್ಲಿ ಅದೇ ಕಾವೇರಿಯ ಬಲದಿಂದ ಬೆಂಗಳೂರಿನ ಬೀದಿಗಳಲ್ಲಿ ದೀಪ ಹತ್ತಿತು. ನಗರದ ಬೆಳಕೂ ನೀರೂ ಈ ದಿಕ್ಕಿನಿಂದಲೇ ಬಂದವು. ಬೇಗ ಹೊರಟವರಿಗೆ ತಲಕಾಡಿನ ಮರಳಲ್ಲಿ ಹೂತುಹೋಗಿದ್ದ ಗುಡಿಗಳೂ ಸಿಗುತ್ತವೆ, 2023ರಲ್ಲಿ ಬೇಲೂರು, ಹಳೇಬೀಡುಗಳ ಜೊತೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಸೋಮನಾಥಪುರದ ಕೇಶವ ದೇವಾಲಯವೂ ಸಿಗುತ್ತದೆ.

ಇನ್ನೊಂದು ಭಾನುವಾರ ಸಂಗಮ ನೋಡಬೇಕು. ಕನಕಪುರ ದಾಟಿ ಕಾವೇರಿ ವನ್ಯಜೀವಿ ಧಾಮದ ಕಾಡಿನೊಳಗೆ ಇಳಿದರೆ ಅರ್ಕಾವತಿಯು ಕಾವೇರಿಯನ್ನು ಕೂಡುವ ಜಾಗ. ಅಲ್ಲಿಂದ ಮುಂದೆ ಮೇಕೆದಾಟು. ಹೆಚ್ಚಿನವರು ಫೋಟೊ ತೆಗೆದು, ಊಟ ಮಾಡಿ ಮರಳುತ್ತಾರೆ. ಸುಳಿ, ಸೆಳವು, ಜಾರುವ ಬಂಡೆಗಳ ಎಚ್ಚರಿಕೆಯನ್ನು ಲೆಕ್ಕಿಸದೆ ನೀರಿಗಿಳಿದು ಜೀವ ಕಳೆದುಕೊಂಡವರ ಸುದ್ದಿ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಅಲ್ಲಿ ನೋಡಬೇಕಾದದ್ದು ಇನ್ನೊಂದಿದೆ. ಬಸವನಗುಡಿಯ ದೊಡ್ಡ ಬಸವಣ್ಣನ ಗುಡಿಯ ಬಳಿ ಹುಟ್ಟುವುದೆಂದು ಹೇಳುವ ವೃಷಭಾವತಿ ನಗರದ ಕೊಳಚೆ ಹೊತ್ತು ಕೆಂಗೇರಿ ದಾಟಿ, ಬೈರಮಂಗಲದ ಕೆರೆ ಹಾದು ಅರ್ಕಾವತಿಗೆ ಸೇರುತ್ತದೆ. ಅರ್ಕಾವತಿ ಸಂಗಮದಲ್ಲಿ ಕಾವೇರಿಗೆ ಸೇರುತ್ತದೆ. ಕಾವೇರಿಯಿಂದ ಶುದ್ಧ ನೀರು ಪಡೆದ ಊರು ಅದೇ ಕಾವೇರಿಗೆ ಏನನ್ನು ಹಿಂದಿರುಗಿಸುತ್ತಿದೆ ಎಂಬುದಕ್ಕೆ ಉತ್ತರ ಈ ದಡದಲ್ಲಿದೆ. ಬೈರಮಂಗಲದ ಸುತ್ತಲಿನ ರೈತರು ಆ ನೀರಿನ ನಡುವೆಯೇ ದಶಕಗಳಿಂದ ಬದುಕುತ್ತಿದ್ದಾರೆ.

ಒಂದೇ ದಿನದಲ್ಲಿ ಒಂದು ಸೀಮೆಯನ್ನು ಅಚ್ಚುಕಟ್ಟಾಗಿ ತೋರಿಸುವುದು ಕರ್ನಾಟಕಕ್ಕೆ ಹೊಸತೇನಲ್ಲ. ಪಣಂಬೂರಿನ ನವಮಂಗಳೂರು ಬಂದರಿಗೆ ವಿದೇಶದ ವಿಹಾರ ಹಡಗು ಬಂದ ದಿನ ಪ್ರಯಾಣಿಕರಿಗಾಗಿ ಬಸ್ಸು, ಟ್ಯಾಕ್ಸಿಗಳು ಕಾದಿರುತ್ತವೆ. ಮೂಡುಬಿದಿರೆಯ ಸಾವಿರ ಕಂಬದ ಬಸದಿ, 1432ರಲ್ಲಿ ನಿಂತ ಕಾರ್ಕಳದ ಗೊಮ್ಮಟ, ಇಟಲಿಯ ಆಂಟೋನಿಯೊ ಮೊಸ್ಕೇನಿ ಚಿತ್ರ ಬರೆದ ಸಂತ ಅಲೋಶಿಯಸ್ ಚಾಪೆಲ್ ಇವನ್ನೆಲ್ಲ ನೋಡಿ ಅವರು ಸಂಜೆಗೆ ಹಡಗು ಹತ್ತುತ್ತಾರೆ. ಕೆಲವೇ ಗಂಟೆ ಇಳಿದು ಹೋಗುವವರಿಗೆ ಇಷ್ಟು ವ್ಯವಸ್ಥೆ ಮಾಡಬಲ್ಲ ನಾಡು ತನ್ನ ರಾಜಧಾನಿಯ ಜನಕ್ಕೂ ಮಾಡಬೇಕು. ಕಾರಿಲ್ಲದ ಮನೆಯ ಮಕ್ಕಳಿಗೆ, ಒಬ್ಬರೇ ಇರುವ ಹಿರಿಯರಿಗೆ ಸಂಗಮ ಇಂದಿಗೂ ದೂರವೇ ಉಳಿದಿದೆ.

ಅನುಕೂಲ ಅರ್ಧ ಆಗಲೇ ಕೈಯಲ್ಲಿದೆ. 2021ರ ಜನವರಿಯಿಂದ ಮೆಟ್ರೊ ಹಸಿರು ಮಾರ್ಗ ಕನಕಪುರ ರಸ್ತೆಯ ರೇಷ್ಮೆ ಸಂಸ್ಥೆ ನಿಲ್ದಾಣದವರೆಗೂ ಹೋಗುತ್ತದೆ. 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗ ತೆರೆದ ಮೇಲೆ ಬಿಟಿಎಂ ಬಡಾವಣೆಯವರೂ ಆರ್.ವಿ. ರಸ್ತೆಯಲ್ಲಿ ರೈಲು ಬದಲಿಸಿ ಅಲ್ಲಿಗೆ ಬರಬಹುದು. ವಾರಾಂತ್ಯದ ಪ್ಯಾಕೇಜ್ ಪ್ರವಾಸ ನಡೆಸಿದ ಅನುಭವ ಸಾರಿಗೆ ನಿಗಮಗಳಿಗಿದೆ. ಆ ನಿಲ್ದಾಣದಿಂದ ಪ್ರತಿ ಭಾನುವಾರ ಬೆಳಿಗ್ಗೆ ಶಿವನಸಮುದ್ರಕ್ಕೊಂದು, ಸಂಗಮಕ್ಕೊಂದು ಬಸ್ಸು ಹೊರಟು ರಾತ್ರಿ ಮರಳಿದರೆ ರಸ್ತೆಯಲ್ಲಿ ಎಷ್ಟೋ ಕಾರುಗಳು ಕಡಿಮೆಯಾಗುತ್ತವೆ. ಬಸ್ಸಿನಲ್ಲಿ ಊರ ಚರಿತ್ರೆ ಬಲ್ಲ ಸ್ಥಳೀಯ ಮಾರ್ಗದರ್ಶಿ ಇರಲಿ, ಊಟ ಆಯಾ ಊರಿನ ಸ್ವಸಹಾಯ ಸಂಘದ ಹೆಂಗಸರ ಕೈಯಡುಗೆಯಾಗಲಿ. ಆಗ ಪ್ರವಾಸಿಗರ ಹಣದಲ್ಲಿ ಒಂದು ಪಾಲು ಹಳ್ಳಿಯಲ್ಲೇ ಉಳಿಯುತ್ತದೆ. ಈಗ ಅಲ್ಲಿ ಉಳಿಯುತ್ತಿರುವುದು ಪ್ಲಾಸ್ಟಿಕ್ ತಟ್ಟೆ, ಬಾಟಲಿಗಳು.

ಜಲಮಂಡಳಿಯೂ ಒಂದು ಹೆಜ್ಜೆ ಮುಂದೆ ಬರಬೇಕು. ತೊರೆಕಾಡನಹಳ್ಳಿಯ ಶುದ್ಧೀಕರಣ ಘಟಕವನ್ನು ನಿಗದಿತ ದಿನಗಳಲ್ಲಿ, ಭದ್ರತೆಯ ನಿಯಮಗಳೊಂದಿಗೆ, ಈ ಪ್ರವಾಸಿಗರಿಗೆ ತೋರಿಸಲಿ. ಒಂದು ಬಕೆಟ್ ನೀರು ಮನೆ ಮುಟ್ಟಲು ಎಷ್ಟು ಯಂತ್ರ, ಎಷ್ಟು ವಿದ್ಯುತ್, ಎಷ್ಟು ಜನರ ದುಡಿಮೆ ಬೇಕು ಎಂದು ಕಣ್ಣಾರೆ ಕಂಡ ಹುಡುಗಿ ಕಾರು ತೊಳೆಯಲು ಪೈಪು ಬಿಡುವ ಅಪ್ಪನನ್ನು ಖಂಡಿತ ತಡೆಯುತ್ತಾಳೆ.

ಬಸ್ಸು ಬರುವವರೆಗೆ ಕಾಯುವುದೂ ಬೇಡ. ಬಡಾವಣೆಯ ನಿವಾಸಿಗಳ ಸಂಘಗಳು, ಶಾಲೆಗಳು ಸೇರಿ ಬುತ್ತಿ ಕಟ್ಟಿಕೊಂಡು ಮುಂದಿನ ರಜೆಗೇ ಹೊರಡಬಹುದು. ಸಂಗಮದಲ್ಲಿ ನೀರಿಗಿಳಿಯಬೇಡಿ, ಕಸವನ್ನು ಚೀಲದಲ್ಲಿ ವಾಪಸು ತನ್ನಿ, ಬೈರಮಂಗಲದ ಕೆರೆಯನ್ನೂ ದಾರಿಯಲ್ಲಿ ಸೇರಿಸಿಕೊಳ್ಳಿ. ಕಂಡದ್ದನ್ನು ನಿಮ್ಮ ಶಾಸಕರಿಗೂ ಜಲಮಂಡಳಿಗೂ ಬರೆದು ತಿಳಿಸಿ.