ನೀರು ಆಮೇಲೆ
ಬೆಳಗಿನ ಜಾವ ಆಟ ಮುಗಿದು ಬಣ್ಣ ಹಚ್ಚುವ ಚೌಕಿಗೆ ಬಂದ ಯಕ್ಷಗಾನದ ವೇಷಧಾರಿ ಬಣ್ಣ ತೆಗೆಯಲು ಕೈ ಹಾಕುವುದು ತೆಂಗಿನೆಣ್ಣೆಗೆ. ಒಣ ಮುಖಕ್ಕೇ ತಿಕ್ಕುತ್ತಾರೆ; ಕೆಂಪು, ಕಪ್ಪು, ಬಿಳಿ ಕಲಸಿಕೊಂಡು ಕೆಸರಿನಂತೆ ಇಳಿಯುತ್ತದೆ. ಡಬ್ಬಿಯಲ್ಲಿ ಬರುವ ಕ್ಲೆನ್ಸಿಂಗ್ ಬಾಮ್ ಮಾಡುವುದೂ ಇದನ್ನೇ. ನೀರಿಗೆ ಜಗ್ಗದ ಮಸ್ಕಾರ, ಸನ್‌ಸ್ಕ್ರೀನ್ ಎಣ್ಣೆಗೆ ಸಡಿಲಗೊಳ್ಳುತ್ತವೆ. ಜೊತೆಗೆ ಬಾಮ್‌ನಲ್ಲಿ ಎಮಲ್ಸಿಫೈಯರ್ ಇರುವುದರಿಂದ ನೀರು ತಾಗಿದೊಡನೆ ಹಾಲಿನಂತೆ ಬೆಳ್ಳಗಾಗಿ ಜಿಡ್ಡನ್ನೂ ಹೊತ್ತೊಯ್ಯುತ್ತದೆ. ನನ್ನ ತಂಗಿ ಮೊದಲೇ ಮುಖ ಒದ್ದೆ ಮಾಡಿಕೊಂಡು ಬಾಮ್ ಹಚ್ಚಿ, ಇದು ಕೆಲಸಕ್ಕೆ ಬಾರದು ಎಂದು ಡಬ್ಬಿ ಮೂಲೆಗಿಟ್ಟಿದ್ದಳು. ಕೈಯೂ ಒಣಗಿರಬೇಕು, ಮುಖವೂ. ರೆಪ್ಪೆಯನ್ನು ಮಾತ್ರ ಉಜ್ಜಬೇಡಿ, ಪಾಪ, ಅಲ್ಲಿನ ಚರ್ಮ ತೀರ ತೆಳು. ಬೆರಳ ತುದಿ ಮೆಲ್ಲಗೆ ಆಡಿಸಿದರೆ ಕಾಡಿಗೆ ತಾನಾಗಿ ಬಿಡುತ್ತದೆ. ಮೊಡವೆಯ ಮುಖವಾದರೆ ಬರೀ ತೆಂಗಿನೆಣ್ಣೆ ಬೇಡ, ಬಾಮ್ ಹಚ್ಚಿ, ಆಮೇಲೆ ಫೇಸ್‌ವಾಶ್ ಹಾಕಿ ತೊಳೆಯಿರಿ.