ಟೋಪಿಯ ಕೆಳಗೂ ಒಂದು ಮನಸ್ಸಿದೆ

ಸಿನಿಮಾದಲ್ಲಿ ನಮ್ಮಂಥವರು ಎಷ್ಟು ಮಂದಿ ಇದ್ದಾರೆ ಎಂದು ಎಣಿಸುವುದು ಸುಲಭ. ನಾನು ಕಾಮರ್ಸ್ ವಿದ್ಯಾರ್ಥಿ, ಎಣಿಸಲು ಬರುತ್ತದೆ. ಆದರೆ ಅವರ ಮನಸ್ಸಿನೊಳಗೆ ಕ್ಯಾಮೆರಾ ಹೋಗಿದೆಯೇ? ನನಗೆ ಈ ಪ್ರಶ್ನೆಯೇ ದೊಡ್ಡದಾಗಿ ಕಾಣುತ್ತದೆ.

ನಮ್ಮ ಮನೆಮಾತು ಉರ್ದು. ನಾನು ನೋಡಿದ ಅನೇಕ ಹಳೆಯ ಕನ್ನಡ ಸಿನಿಮಾಗಳಲ್ಲಿ ಟೋಪಿ ಹಾಕಿದ ಸಾಬಣ್ಣ ಬರುವುದು ಎರಡೇ ಕೆಲಸಕ್ಕೆ: ತಪ್ಪು ಕನ್ನಡ ಮಾತಾಡಿ ನಗಿಸಲು, ಇಲ್ಲವೇ ನಾಯಕನಿಗಾಗಿ ಪ್ರಾಣ ಕೊಡಲು. ಅವನಿಗೆ ಯಾವುದರ ಭಯ, ರಾತ್ರಿ ನಿದ್ದೆ ಬರುತ್ತದೆಯೋ ಇಲ್ಲವೋ, ಯಾರೂ ಕೇಳುವುದಿಲ್ಲ.

ಹಾಗೆ ಕೇಳುವುದೇ ಸೈಕಲಾಜಿಕಲ್ ಥ್ರಿಲ್ಲರ್‌ನ ಕೆಲಸ. ಆ ಬಗೆಯ ಹಳೆಯ ಯುರೋಪಿಯನ್ ಸಿನಿಮಾಗಳಲ್ಲಿ ದೊಡ್ಡ ಹೆಸರು ಜರ್ಮನಿಯ ‘ಎಂ’ (1931). ನಿರ್ದೇಶಕ ಫ್ರಿಟ್ಜ್ ಲ್ಯಾಂಗ್. ಮಕ್ಕಳನ್ನು ಕೊಲ್ಲುವವನೊಬ್ಬನನ್ನು ಪೊಲೀಸರೂ ಹುಡುಕುತ್ತಾರೆ, ಊರಿನ ಕಳ್ಳರೂ ಹುಡುಕುತ್ತಾರೆ. ಕಳ್ಳರ ಕೈಗೆ ಸಿಕ್ಕಿಬಿದ್ದ ಅವನು, ತನ್ನೊಳಗಿರುವುದನ್ನು ತಡೆಯಲು ತನ್ನಿಂದ ಆಗದು ಎಂದು ಚೀರುತ್ತಾನೆ. ಕೊಲೆಯನ್ನು ನಾವು ಕ್ಷಮಿಸುವುದಿಲ್ಲ. ಆದರೂ ಎದುರಿಗಿರುವವನು ಮನುಷ್ಯ ಎಂಬುದನ್ನು ಮರೆಯಲು ಆಗುವುದಿಲ್ಲ.

ಆ ಪಾತ್ರ ಮಾಡಿದ ಪೀಟರ್ ಲೋರೆ ಯಹೂದಿ. ಹಿಟ್ಲರ್ ಅಧಿಕಾರಕ್ಕೆ ಬಂದ 1933ರಲ್ಲೇ ಅವರು ಜರ್ಮನಿ ಬಿಟ್ಟರು. 1940ರಲ್ಲಿ ನಾಜಿಗಳು ಯಹೂದಿಗಳ ವಿರುದ್ಧ ‘ದಿ ಎಟರ್ನಲ್ ಜ್ಯೂ’ ಎಂಬ ಪ್ರಚಾರ ಚಿತ್ರ ಮಾಡಿದಾಗ, ಈ ಚೀರಾಟದ ದೃಶ್ಯವನ್ನೇ ಕತ್ತರಿಸಿ ಅದರಲ್ಲಿ ಸೇರಿಸಿದರು. ಅದೇ ದೃಶ್ಯ, ಅದೇ ನಟ. ಸಿನಿಮಾದಲ್ಲಿ ಅದು ಒಬ್ಬನ ಮನಸ್ಸಾಗಿತ್ತು. ಪ್ರಚಾರ ಚಿತ್ರದಲ್ಲಿ ಇಡೀ ಸಮುದಾಯದ ಗುಣವಾಯಿತು. ಮನಸ್ಸನ್ನು ತೆಗೆದು ಜಾತಿ, ಧರ್ಮ ಇಟ್ಟರೆ ಆಗುವುದು ಇದೇ.

ನಮ್ಮಲ್ಲೂ ಮನಸ್ಸನ್ನು ಹುಡುಕಿದವರಿದ್ದಾರೆ. ಪುಟ್ಟಣ್ಣ ಕಣಗಾಲರ ‘ಶರಪಂಜರ’ ಥ್ರಿಲ್ಲರ್ ಅಲ್ಲ, ಆದರೆ ಮನಸ್ಸಿನದೇ ಕಥೆ. ತ್ರಿವೇಣಿಯವರ ಕಾದಂಬರಿಯ ಕಾವೇರಿಯನ್ನು ಸುತ್ತಲಿನವರು ಹುಚ್ಚಿ ಎಂದು ಕರೆದು ಕೈತೊಳೆದುಕೊಂಡರು. ಕಲ್ಪನಾ ಅವಳ ಒಳಗಿನ ನೋವನ್ನು ತೋರಿಸಿದರು. ಗಿರೀಶ್ ಕಾಸರವಳ್ಳಿಯವರ ‘ಗುಲಾಬಿ ಟಾಕೀಸ್’ನ ಗುಲಾಬಿ, ಸಿನಿಮಾ ಎಂದರೆ ಪ್ರಾಣ ಬಿಡುವ ಸೂಲಗಿತ್ತಿ. ಕಾರ್ಗಿಲ್ ಯುದ್ಧದ ಹೊತ್ತಿಗೆ, ಊರ ಹೆರಿಗೆಗಳನ್ನು ಮಾಡಿಸಿದ ಅದೇ ಗುಲಾಬಿ ಊರಿಗೆ ಬರೀ ಮುಸ್ಲಿಮಳಾಗಿ ಕಾಣತೊಡಗುತ್ತಾಳೆ. ಆ ಪಾತ್ರಕ್ಕೆ ಉಮಾಶ್ರೀಯವರಿಗೆ ರಾಷ್ಟ್ರಪ್ರಶಸ್ತಿ ಬಂತು.

ನಮ್ಮನ್ನು ಬರೀ ಒಳ್ಳೆಯವರನ್ನಾಗಿ ತೋರಿಸಿ ಎಂದು ನಾನು ಕೇಳುತ್ತಿಲ್ಲ. ಅಸೂಯೆ, ಅನುಮಾನ, ಸಿಟ್ಟು ನಮಗೂ ಇವೆ. ಅವಕ್ಕೆ ಕಾರಣಗಳೂ ಇವೆ. ಆ ಕಾರಣಗಳನ್ನು ತೋರಿಸಿ.

ನಮ್ಮ ಜಿಲ್ಲೆಯಲ್ಲಿ ಇಂಥ ಕಥೆಗಳಿಗೆ ಬರವಿಲ್ಲ. ಮುಳುಗಡೆಯಾದ ಹಳೆ ಬಾಗಲಕೋಟೆಯ ಮನೆಗೆ ನವನಗರದಿಂದ ದಿನಾ ಕನಸಿನಲ್ಲಿ ಹೋಗಿಬರುವ ಅಜ್ಜಿ ಇರಬಹುದು. ಇಳಕಲ್‌ನಲ್ಲಿ ಮಗ್ಗದ ಸದ್ದು ನಿಂತ ದಿನದಿಂದ ನಿದ್ದೆ ಬಾರದ ನೇಕಾರ ಇರಬಹುದು. ದಿನವಿಡೀ ಪ್ರವಾಸಿಗರಿಗೆ ಬಾದಾಮಿ ತೋರಿಸಿ, ರಾತ್ರಿ ಮನೆಗೆ ಹೋಗಲು ಹೆದರುವ ಆಟೋದವನು ಇರಬಹುದು. ಅವರ ಹೆಸರು ಅಮೀನಾ ಇರಲಿ, ಬಸಮ್ಮ ಇರಲಿ, ಭಯ ಒಂದೇ.

ಈ ಸಲದ ಗ್ಯಾದರಿಂಗ್‌ಗೆ ಕಿರುನಾಟಕ ಬರೆಯುವ ಗೆಳೆಯ ಗೆಳತಿಯರಿಗೆ ನನ್ನದೊಂದು ಮನವಿ. ಸಾಬಣ್ಣ ಬರಲಿ, ತಪ್ಪು ಕನ್ನಡವನ್ನೇ ಆಡಲಿ, ಎಲ್ಲರೂ ನಗಲಿ. ನಗು ನಿಂತ ಮೇಲೆ ಎರಡು ನಿಮಿಷ ವೇದಿಕೆಯನ್ನು ಅವನೊಬ್ಬನಿಗೇ ಬಿಡಿ. ಅವನು ಏನು ಹೇಳುತ್ತಾನೋ ಕೇಳೋಣ.